ಇನ್ನೇನಾದ್ರೂ ಇದ್ಯಾ ಎನ್ನುತ್ತಿದ್ದ ಶಾಹೀನ್ ಮೇಡಂ

ಶಾಹೀನ್ ಮೇಡಂ ಯಾವ ಯಂತ್ರಕ್ಕೂ ಹೆಸರು ಕೇಳದೆ ಕೆಲಸ ಹೇಳಿದವರಲ್ಲ. ಹೆಸರು ಅದರ ಹಣೆಯ ಮೇಲೇ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಹೋದ ವರ್ಷವೂ ಅದೇ ಯಂತ್ರ, ನಿನ್ನೆಯೂ ಅದೇ ಯಂತ್ರ. ಆದರೂ ಬೆಳಿಗ್ಗೆ ಲ್ಯಾಬಿಗೆ ಬಂದವರೇ ಛತ್ರಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಕನ್ನಡಕವನ್ನು ದುಪಟ್ಟಾದ ಅಂಚಿನಲ್ಲಿ ಒರೆಸಿಕೊಂಡು, ಕಂಪ್ಯೂಟರಿನಲ್ಲಿ ಮೊದಲು ಬರೆಯುತ್ತಿದ್ದದ್ದು ಒಂದೇ ಸಾಲು: ಒಂದು ನಕ್ಷತ್ರದ ಗುರುತು, ಐ ಡಿ ಎನ್, ಕೊನೆಗೊಂದು ಪ್ರಶ್ನೆ ಚಿಹ್ನೆ. ನೀನು ಯಾರು ಎಂದು ಯಂತ್ರವನ್ನು ಕೇಳುವ ಕಮಾಂಡ್ ಅದು. ಯಂತ್ರ ತನ್ನ ಕಂಪನಿ, ಮಾಡೆಲ್, ನಂಬರು ಎಲ್ಲ ಹೇಳಿಕೊಂಡ ಮೇಲೆ ಮೇಡಂ ತಲೆಯಾಡಿಸಿ, ‘ಹ್ಞಾಂ, ಸರಿ’ ಎನ್ನುತ್ತಿದ್ದರು. ಆಮೇಲೆ ಪಾಠ.

ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುವಾಗ ಅವರು ನಮಗೆ ಲ್ಯಾಬ್ ತೆಗೆದುಕೊಳ್ಳುತ್ತಿದ್ದರು. ಅವರ ಊರು ತರೀಕೆರೆ, ಕಾಲೇಜಿಗೆ ದಿನಾ ಬಸ್ಸು. ಮನೆಯಲ್ಲಿ ದಖನಿ ಉರ್ದು, ಲ್ಯಾಬಿನಲ್ಲಿ ನಮ್ಮದೇ ಕನ್ನಡ, ಯಂತ್ರದ ಜೊತೆ ಇಂಗ್ಲಿಷು. ಅವರು ಕಲಿಸುತ್ತಿದ್ದದ್ದು ಪವರ್ ಸಪ್ಲೈ, ಮೀಟರು, ಇಂಥ ಪರೀಕ್ಷೆಯ ಯಂತ್ರಗಳನ್ನು ಗುಂಡಿ ತಿರುಗಿಸದೆ, ದೂರ ಕೂತು, ಒಂದು ತಂತಿಯ ಮೂಲಕ ಕಂಪ್ಯೂಟರಿನಿಂದ ಮಾತಾಡಿಸುವ ವಿದ್ಯೆ. ಇಷ್ಟು ವೋಲ್ಟ್ ಕೊಡು ಎಂದು ಬರೆದು ಕಳಿಸಿದರೆ ಅದು ಕೊಡುತ್ತದೆ. ಅದೇ ಮಾತಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದರೆ ಎಷ್ಟು ಕೊಡುತ್ತಿದ್ದೇನೆ ಎಂದು ತಿರುಗಿ ಹೇಳುತ್ತದೆ. ಕೇಳುವುದಕ್ಕೆ ಇಷ್ಟೇ. ಆದರೆ ಈ ಇಷ್ಟರಲ್ಲೇ ನಾವೆಲ್ಲ ಮುಗ್ಗರಿಸುತ್ತಿದ್ದೆವು.

‘ಹೇಳ್ದೆ ಅಂತ ಸುಮ್ನಾಗ್ಬಾರ್ದು ಕಣ್ರೇ’ ಎನ್ನುತ್ತಿದ್ದರು ಮೇಡಂ. ‘ಹೇಳಿದ್ಮೇಲೆ ಏನ್ ಮಾಡ್ದೆ ಅಂತ ಕೇಳ್ಬೇಕು. ಕೇಳಿದ್ಮೇಲೆ ಉತ್ರ ಬರೋವರ್ಗೂ ನಿಂತ್ಕೋಬೇಕು. ಪ್ರಶ್ನೆ ಕೇಳಿ ಎದ್ದು ಹೋಗೋರ್ನ ಕಂಡ್ರೆ ಮನುಷ್ಯರ್ಗೂ ಆಗಲ್ಲ, ಮಿಷಿನ್ಗೂ ಆಗಲ್ಲ.’

ಆ ಮಾತು ನಿಜ. ಯಂತ್ರವನ್ನು ಒಂದು ಪ್ರಶ್ನೆ ಕೇಳಿ, ಅದರ ಉತ್ತರ ಓದಿಕೊಳ್ಳದೆ ಇನ್ನೊಂದನ್ನು ಕೇಳಿದರೆ ಅದು ಪೀಂ ಎಂದು ಕಿರುಚಿ ತಪ್ಪು ದಾಖಲಿಸಿಕೊಳ್ಳುತ್ತದೆ. ಆದರೆ ಮೇಡಂ ಈ ಪದ್ಧತಿಯನ್ನು ಲ್ಯಾಬಿನಲ್ಲೇ ಬಿಟ್ಟು ಬರುತ್ತಿರಲಿಲ್ಲ ಎನ್ನುವುದೇ ತಾಪತ್ರಯ. ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ‘ಎರಡು ಟೀ, ಒಂದ್ರಲ್ಲಿ ಸಕ್ರೆ ಬೇಡ’ ಎಂದು ಹೇಳಿ, ಅಲ್ಲೇ ನಿಂತು, ‘ಈಗ ನಾನೇನ್ ಹೇಳ್ದೆ, ಹೇಳಿ’ ಎನ್ನುತ್ತಿದ್ದರು. ಅಂಗಡಿಯವನು ಮೊದಮೊದಲು ಮುಖ ಗಂಟಿಕ್ಕುತ್ತಿದ್ದ. ಬರುಬರುತ್ತಾ ಅವರು ರಸ್ತೆ ದಾಟುವುದನ್ನು ಕಂಡಾಗಲೇ, ‘ಎರಡು ಟೀ, ಒಂದ್ರಲ್ಲಿ ಸಕ್ರೆ ಇಲ್ಲ, ಬನ್ನಿ ಮೇಡಂ’ ಎಂದು ಕೂಗಿ ಬಚಾವಾಗುತ್ತಿದ್ದ. ಜೊತೆಗೆ ಟೀ ಕುಡಿಯಲು ಹೋದ ನಮಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ಪಾಠ ಮಾತ್ರ ಒಮ್ಮೆ ಕೇಳಿದರೆ ಮರೆಯುವಂತಿರಲಿಲ್ಲ. ಕಮಾಂಡಿನ ಪದಗಳಿಗೆ ಒಂದು ಪೂರ್ತಿ ರೂಪ ಇರುತ್ತದೆ, ಒಂದು ಗಿಡ್ಡ ರೂಪ. ಎರಡರಲ್ಲಿ ಯಾವುದನ್ನು ಬರೆದರೂ ಸರಿ, ನಡುವೆ ಎಲ್ಲೋ ಕತ್ತರಿಸಿದರೆ ಯಂತ್ರಕ್ಕೆ ತಿಳಿಯುವುದಿಲ್ಲ. ಇದನ್ನು ಹೇಳಲು ಮೇಡಂ ನನ್ನನ್ನು ಎದ್ದು ನಿಲ್ಲಿಸಿದರು. ‘ಇವ್ಳನ್ನ ಶಶಿಕಲಾ ಅನ್ನಿ, ತಿರುಗ್ತಾಳೆ. ಶಶಿ ಅನ್ನಿ, ತಿರುಗ್ತಾಳೆ. ಶಶಿಕ ಅಂತ ಕರೀರಿ ನೋಡಾಣ.’ ಇಡೀ ಕ್ಲಾಸು ಶಶಿಕಾ, ಶಶಿಕಾ ಎಂದು ಕೂಗಿತು. ಕೋರ್ಸು ಮುಗಿಯುವವರೆಗೂ ನನಗೆ ಅದೇ ಹೆಸರಾಯಿತು, ಮತ್ತು ಹಾಳಾದ್ದು, ನಾನು ತಿರುಗಿಯೂ ನೋಡುತ್ತಿದ್ದೆ.

ಕೋಲನ್ ಮತ್ತು ಸೆಮಿಕೋಲನ್ ಎಲ್ಲಿ ಹಾಕಬೇಕು ಎನ್ನುವುದನ್ನು ಅವರು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿಕೊಟ್ಟರು ಎಂದರೂ ತಪ್ಪಲ್ಲ. ಬೋರ್ಡಿನ ಮೇಲೆ ಸ್ಟ್ಯಾಂಡ್ ಬರೆದು, ಅಲ್ಲಿಂದ ಕವಲುಗಳನ್ನು ಎಳೆದರು. ‘ಲಿಂಗದಹಳ್ಳಿ ರೂಟಲ್ಲಿ ಇದ್ದೀರಾ ಅಂದ್ಕೊಳ್ಳಿ. ಮುಂದೆ ಕೆಮ್ಮಣ್ಣುಗುಂಡಿಗೆ ಹೋಗ್ಬೇಕು ಅಂದ್ರೆ ಮತ್ತೆ ತರೀಕೆರೆಯಿಂದ ಶುರು ಮಾಡೋದು ಬೇಡ, ಅದೇ ರೂಟು. ಸೆಮಿಕೋಲನ್ ಹಾಕಿ ಮುಂದಿನ್ ಮಾತು ಹೇಳಿ. ಆದ್ರೆ ಅಮೃತಾಪುರಕ್ಕೆ ಹೋಗ್ಬೇಕು ಅಂದ್ರೆ? ವಾಪಸ್ ಸ್ಟ್ಯಾಂಡಿಗೆ ಬರ್ಬೇಕು. ಆ ವಾಪಸ್ ಬರೋದೇ ಮಾತಿನ ಮೊದ್ಲು ಹಾಕೋ ಕೋಲನ್ನು.’ ಕಂಡಕ್ಟರ ಮಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ, ಆ ಸಲ ಅವನಿಗೇ ಎಲ್ಲರಿಗಿಂತ ಹೆಚ್ಚು ಅಂಕ.

ಆದರೆ ಅವರು ನಮ್ಮ ತಲೆಯಲ್ಲಿ ಉಳಿದದ್ದು ಇನ್ನೊಂದು ಮಾತಿನಿಂದ. ಇಂಥ ಯಂತ್ರಗಳು ನಾವು ಮಾಡಿದ ತಪ್ಪುಗಳನ್ನೆಲ್ಲ ಒಳಗೆ ಸಾಲಾಗಿ ನಿಲ್ಲಿಸಿಕೊಂಡಿರುತ್ತವೆ. ಏನು ತಪ್ಪಾಯಿತು ಎಂದು ಕೇಳಿದರೆ ಒಂದನ್ನು ಹೇಳುತ್ತದೆ, ಅದೂ ಎಲ್ಲಕ್ಕಿಂತ ಹಳೆಯದನ್ನು. ಇನ್ನೊಂದು ಸಲ ಕೇಳಿದರೆ ಅದರ ಮುಂದಿನದು. ಸಾಲು ಖಾಲಿಯಾದ ಮೇಲೆ ‘ನೋ ಎರರ್’ ಎನ್ನುತ್ತದೆ. ಅಲ್ಲಿಯವರೆಗೆ ಕೇಳುತ್ತಲೇ ಇರಬೇಕು. ಹಾಗಾಗಿ ಮೇಡಂ ಹತ್ತಿರ ಯಾರೇ ದೂರು ತೆಗೆದುಕೊಂಡು ಹೋಗಲಿ, ಪೂರ್ತಿ ಕೇಳಿಸಿಕೊಂಡು, ‘ಇನ್ನೇನಾದ್ರೂ ಇದ್ಯಾ?’ ಎನ್ನುತ್ತಿದ್ದರು. ಹೇಳಿದರೆ ಅದನ್ನೂ ಕೇಳಿಸಿಕೊಂಡು ಮತ್ತೆ, ‘ಇನ್ನೇನಾದ್ರೂ ಇದ್ಯಾ?’ ಪಕ್ಕದವಳು ಸೋಲ್ಡರಿಂಗ್ ಐರನ್ ಕೊಡಲಿಲ್ಲ ಎಂದು ಶುರುವಾದದ್ದು ಹಾಸ್ಟೆಲಿನ ಬಕೆಟ್ಟು, ಯಾರೋ ಆಡಿದ ಮಾತು, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲದ್ದು, ಇಲ್ಲಿಗೆಲ್ಲ ಹೋಗಿ, ಕೊನೆಗೆ ಹುಡುಗಿ ಮೂಗು ಒರೆಸಿಕೊಂಡು ‘ಏನೂ ಇಲ್ಲ ಮೇಡಂ’ ಎನ್ನುವಾಗ ಅವಳಿಗೆ ಸೋಲ್ಡರಿಂಗ್ ಐರನ್ ನೆನಪೇ ಇರುತ್ತಿರಲಿಲ್ಲ.

ಅವರನ್ನು ಸಂತರನ್ನಾಗಿ ಮಾಡುವ ಆಸೆ ನನಗಿಲ್ಲ. ಬೆಳಗಿನ ಕ್ಲಾಸಿಗೆ ಸಮಯಕ್ಕೆ ಬಂದದ್ದು ಅಪರೂಪ, ಬಂದ ಮೇಲೆ ಬಸ್ಸಿನಲ್ಲಿ ಸೀಟಿಗಾಗಿ ಆಡಿದ ಜಗಳವನ್ನು ವಿವರವಾಗಿ ಹೇಳಬೇಕು. ಯಾರ ಛತ್ರಿ ಯಾವುದು ಎನ್ನುವ ಭೇದ ಅವರಿಗಿರಲಿಲ್ಲ. ಮಳೆ ಬಂದರೆ ಕೈಗೆ ಸಿಕ್ಕಿದ್ದು ಅವರದು. ಸಿಟ್ಟು ಬಂದರೆ ಬೈಗುಳಕ್ಕೆ ದಖನಿಯೇ ಬೇಕು, ನಮಗೆ ಅರ್ಥವಾಗದೆ ಇನ್ನೂ ಹೆದರಿಕೆಯಾಗುತ್ತಿತ್ತು.

ಡಿಪ್ಲೊಮಾ ಮುಗಿಸಿ ನಾನು ಕಡೂರಿನಲ್ಲಿ ರೇವಣ್ಣನವರ ಕಾರ್ಖಾನೆಗೆ ಸೇರಿದೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಒಂದು ಶೀಟಿನ ಶೆಡ್ಡು, ಪಕ್ಕದಲ್ಲಿ ಬೇಕರಿ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಒಳಗೆ ಕೂರುವ ಕಾರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಮಾಡಿದ ಕಾರ್ಡನ್ನು ಪರೀಕ್ಷಿಸುವುದು ನನ್ನ ಕೆಲಸ. ಅಜ್ಜಂಪುರದಲ್ಲಿ ಅಪ್ಪನ ಈರುಳ್ಳಿ ಮಂಡಿ ಇತ್ತು. ‘ಅಲ್ಲಾಗ್ಲಿಲ್ಲ ಅಂದ್ರೆ ಬಂದು ಗಲ್ಲಾದ್ ಮೇಲೆ ಕೂತ್ಕೊ’ ಎಂದು ಅವರು ಹೇಳಿಯೇ ಕಳಿಸಿದ್ದರು. ಹುಟ್ಟಿದಾಗಿನಿಂದ ಈರುಳ್ಳಿ ವಾಸನೆಯಲ್ಲಿ ಬೆಳೆದವಳು ನಾನು. ಆ ಗಲ್ಲಾ ನೆನೆದರೇ ಕಣ್ಣು ಉರಿಯುತ್ತಿತ್ತು.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದು ರೇವಣ್ಣನವರಿಗೆ ಆರ್ಡರ್ ಕೊಡಲು ಮುಂದೆ ಬಂತು. ಕಾರ್ಡುಗಳನ್ನು ತನ್ನ ಪವರ್ ಸಪ್ಲೈನಲ್ಲೇ ಪರೀಕ್ಷಿಸಬೇಕು ಎಂದು ಹೇಳಿ ಒಂದು ಬೆಲೆಬಾಳುವ ಯಂತ್ರವನ್ನು ಎರವಲು ಕಳಿಸಿತು. ಅದನ್ನು ಮಾತಾಡಿಸುವ ಪ್ರೋಗ್ರಾಂ ನಾನೇ ಬರೆದೆ. ಸಪ್ಲೈಗೆ ಇಪ್ಪತ್ನಾಲ್ಕು ವೋಲ್ಟ್ ಕೊಡು ಎನ್ನುವುದು, ಕಾರ್ಡು ಸರಿಯಾಗಿ ಕೆಲಸ ಮಾಡುತ್ತದೆಯೇ ನೋಡುವುದು. ವಾರವೆಲ್ಲ ಚೆನ್ನಾಗಿಯೇ ನಡೆಯಿತು. ಕಂಪನಿಯ ಎಂಜಿನಿಯರ್ ನೋಡಲು ಬರುವ ದಿನ ಬೆಳಿಗ್ಗೆ ಪ್ರೋಗ್ರಾಂ ಓಡಿಸಿದೆ. ಯಂತ್ರ ಪೀಂ ಎಂದಿತು. ಪರದೆಯ ಮೇಲೆ ಬರೀ ಸೊನ್ನೆ. ಇನ್ನೊಮ್ಮೆ ಕೈಯಿಂದ ಟೈಪ್ ಮಾಡಿ ಕಳಿಸಿದೆ. ಮತ್ತೆ ಪೀಂ, ಮತ್ತೆ ಸೊನ್ನೆ.

ರೇವಣ್ಣನವರು ಒಳಗೆ ಬಂದವರೇ ಮೂಗು ಅರಳಿಸಿದರು. ‘ಸುಟ್ಟ ವಾಸ್ನೆ ಬತ್ತಾ ಐತಲ್ಲಮ್ಮ. ಸುಟ್ಟಾಕ್ಬಿಟ್ಟೆಯಾ?’

ವಾಸನೆ ನಿಜವಾಗಿಯೂ ಬರುತ್ತಿತ್ತು.

‘ಕಂಡೋರ್ ಮಿಷಿನ್ನು ಕಣಮ್ಮ ಅದು. ಅವ್ರಿಗೇನ್ ಹೇಳ್ಲಿ ನಾನು? ಆರ್ಡ್ರು ಹೋಯ್ತು. ನಾಳೆಯಿಂದ ನೀನು ಬರೋದ್ ಬ್ಯಾಡ’ ಎಂದರು. ಬೈಯುವ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಸ್ತಾದವರಂತೆ ಹೇಳಿದರು. ಹೇಳಿ, ಯಂತ್ರವನ್ನು ಆಫ್ ಮಾಡಲು ಕೈ ಚಾಚಿದರು.

ನನಗೆ ಯಾವ ಧೈರ್ಯ ಬಂತೋ ಗೊತ್ತಿಲ್ಲ, ಸ್ವಿಚ್ಚಿಗೆ ಅಡ್ಡ ನಿಂತೆ. ‘ಬೇಡಿ ಸರ್. ಆಫ್ ಮಾಡಿದ್ರೆ ಅದಕ್ಕೆ ಏನಾಯ್ತು ಅನ್ನೋದು ಮರ್ತೋಗುತ್ತೆ. ನಮ್ಮ ಮೇಡಂಗೆ ಒಂದು ಫೋನ್ ಮಾಡ್ತೀನಿ.’

ಫೋನಿನಲ್ಲಿ ಶಾಹೀನ್ ಮೇಡಂ ನನ್ನ ಅಳುವನ್ನೆಲ್ಲ ಕೇಳಿಸಿಕೊಂಡು, ‘ಇನ್ನೇನಾದ್ರೂ ಇದ್ಯಾ?’ ಎಂದರು. ಇಲ್ಲ ಎಂದೆ. ‘ಸರಿ. ನಾನು ಬರ್ತೀನಿ. ಯಾರೂ ಆಫ್ ಮಾಡ್ಬೇಡಿ. ನೀನೂ ಅದನ್ನ ಒಬ್ಳೇ ಏನೂ ಕೇಳ್ಬೇಡ. ಒಂದ್ ಸಲ ಓದ್ಕೊಂಡ್ರೆ ಆ ತಪ್ಪು ಸಾಲಿಂದ ಹೋಗ್ಬಿಡುತ್ತೆ, ಆಮೇಲೆ ನಿನ್ನ ಮಾತು ಯಾರ್ ನಂಬ್ತಾರೆ? ಎಲ್ಲಾರೂ ಇರೋವಾಗ ಕೇಳಾಣ. ಈಗ ನಾನೇನ್ ಹೇಳ್ದೆ, ಹೇಳು.’ ಅಳುತ್ತಲೇ ಒಪ್ಪಿಸಿದೆ.

ತರೀಕೆರೆಯಿಂದ ಬಸ್ಸು ಹಿಡಿದು, ಬೀರೂರಿನಲ್ಲಿ ನಿಂತು, ಕಡೂರಿಗೆ ಬರಬೇಕು. ಅವರು ಬರುವ ಮೊದಲೇ ಕರೆಂಟು ಹೋಯಿತು. ಯುಪಿಎಸ್ ಕೂಗಲು ಶುರುಮಾಡಿತು. ಅದರ ಬ್ಯಾಟರಿ ಎಷ್ಟು ಹಳೆಯದು ಎನ್ನುವುದು ನನಗೆ ಗೊತ್ತಿತ್ತು. ಅದಕ್ಕೆ ಸಿಕ್ಕಿಸಿದ್ದ ಫ್ಯಾನು, ಲೈಟು, ರೇವಣ್ಣನವರ ಮೊಬೈಲ್ ಚಾರ್ಜರು, ದೇವರ ಫೋಟೋದ ಮಿಣಿಮಿಣಿ ದೀಪದ ಸರ, ಎಲ್ಲವನ್ನೂ ಕಿತ್ತೆ. ಆ ಯಂತ್ರ ಒಂದನ್ನೇ ಉಳಿಸಿದೆ. ದೇವರ ದೀಪ ಕಿತ್ತಾಗ ರೇವಣ್ಣನವರು ಕೆನ್ನೆ ತಟ್ಟಿಕೊಂಡರು. ಹೊರಗೆ ಮಳೆ ಹಿಡಿಯಿತು. ಇಬ್ಬರೂ ಬೆವರುತ್ತಾ ಆ ಪುಟ್ಟ ಹಸಿರು ಬೆಳಕನ್ನೇ ನೋಡುತ್ತಾ ಕೂತೆವು. ಜೀವನದಲ್ಲಿ ಯಾವ ದೇವರ ಮುಂದೆಯೂ ನಾನು ಅಷ್ಟು ಭಕ್ತಿಯಿಂದ ಕೂತಿಲ್ಲ.

ಅಂತೂ ಕರೆಂಟು ಬಂತು. ಆಮೇಲೆ ಕಂಪನಿಯ ಎಂಜಿನಿಯರ್ ಮೊದಲು ಬಂದರು. ಎಳೆ ವಯಸ್ಸಿನವರು, ಮೃದು ಮಾತು. ಅವರಿಗೆ ಟೀ ಕೊಟ್ಟು ಮಳೆ, ರಸ್ತೆ ಎಂದು ಮಾತು ಎಳೆಯುತ್ತಿರುವಾಗ ಮೇಡಂ ಬಾಗಿಲಲ್ಲಿ ಕಾಣಿಸಿದರು, ಅರ್ಧ ನೆನೆದು. ಬಂದವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಏನು ಮಾಡಿದೆ, ಏನು ಬರೆದೆ, ಒಂದೂ ಇಲ್ಲ. ನೇರ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ ಎಂದುಕೊಂಡೆ.

‘ಎಲ್ಲಾರೂ ಹತ್ರ ಬನ್ನಿ’ ಎಂದರು. ರೇವಣ್ಣನವರು, ಎಂಜಿನಿಯರ್, ನಾನು, ಪಂಚಾಯ್ತಿಗೆ ಬಂದವರ ಹಾಗೆ ಸುತ್ತ ನಿಂತೆವು. ಮೇಡಂ ಮೊದಲು ಯಂತ್ರದ ಹೆಸರು ಕೇಳಿದರು. ಅದು ಹೇಳಿತು. ‘ಹ್ಞಾಂ, ಸರಿ. ಹೆಸ್ರು ಹೇಳೋಷ್ಟು ಜೀವ ಇದೆ ಅಂದ್ಮೇಲೆ ಸುಟ್ಟಿರೋದು ಡೌಟು’ ಎಂದರು. ಯಂತ್ರ ಹೋಗಲಿ, ನನಗೇ ಅರ್ಧ ಜೀವ ವಾಪಸ್ ಬಂತು.

ಆಮೇಲೆ ಮೊದಲ ತಪ್ಪೇನು ಎಂದು ಕೇಳಿದರು. ‘ಸೆಟ್ಟಿಂಗ್ಸ್ ಕಾನ್‌ಫ್ಲಿಕ್ಟ್’ ಎಂದು ಉತ್ತರ ಬಂತು. ‘ಅಂದ್ರೆ ನಾವು ಕೇಳಿದ್ದು ಇಪ್ಪತ್ನಾಲ್ಕು. ಯಾರೋ ಅಷ್ಟು ಕೊಡ್ಬೇಡ ಅಂತ ಮೊದ್ಲೇ ಹೇಳಿಟ್ಟಿದ್ದಾರೆ. ಅದು ಪಾಪ, ಮೊದ್ಲು ಹೇಳ್ದೋರ್ ಮಾತು ಉಳಿಸ್ಕೊಂಡಿದೆ. ಇನ್ನೇನಾದ್ರೂ ಇದ್ಯಾ?’ ಎಂದು ಮತ್ತೆ ಕೇಳಿದರು. ಈ ಸಲ, ಇಂಥ ಕಮಾಂಡ್ ನನಗೆ ಗೊತ್ತಿಲ್ಲ ಎನ್ನುವ ತಪ್ಪು ಬಂತು. ಅದು ನನ್ನದು. ಗಾಬರಿಯಲ್ಲಿ ಕೈಯಿಂದ ಟೈಪ್ ಮಾಡುವಾಗ ಪದವನ್ನು ಅರ್ಧಕ್ಕೆ ಕತ್ತರಿಸಿದ್ದೆ. ‘ಅದು ನಾನೇ ಮೇಡಂ’ ಎಂದೆ. ‘ಗೊತ್ತು, ಶಶಿಕ’ ಎಂದರು, ತಿರುಗಿ ನೋಡದೆ. ಮೂರನೆಯ ಸಲ ಕೇಳಿದಾಗ ‘ನೋ ಎರರ್’ ಬಂತು.

ಮಿತಿ ಎಷ್ಟು ಇಟ್ಟಿದೆ ಎಂದು ಕೇಳಿದರು. ಐದು ಎಂದಿತು.

‘ಯಾರ್ ಇಟ್ಟಿದ್ದು ಇದನ್ನ?’ ಎಂದು ಎಂಜಿನಿಯರ್ ಕೇಳಿದರು.

‘ಏನಾಗಿದೆ ಅಂತ ಅಷ್ಟೇ ಅದು ಹೇಳೋದು. ಯಾರು ಅಂತ ಹೇಳಲ್ಲ. ನಮಗೂ ಬೇಡ’ ಎಂದರು ಮೇಡಂ.

ರೇವಣ್ಣನವರು ಕೆಮ್ಮಿದರು. ‘ನಿನ್ನೆ ಸಂಜೆ ನಮ್ ಬೀಗ್ರು ಬಂದಿದ್ರು ಕಣ್ರೀ. ಹೊಸಾ ಮಿಷಿನ್ನು ತೋರ್ಸಾಣ ಅಂತ ಕರ್ಕೊಂಬಂದೆ. ಮಗಾ ಒಂದಿತ್ತು ಜೊತೇಲಿ, ಎಲ್ಲಾ ಮುಟ್ತಿತ್ತು. ಶಾಕ್ ಗೀಕ್ ಹೊಡೆದ್ರೆ ಬೀಗ್ರ ಮುಂದೆ ಮಾನ ಹೋಯ್ತದೆ ಅಂತ, ಅದೇನೋ ಲಿಮಿಟ್ಟು ಅಂತ ಇತ್ತಲ್ಲ, ಅದನ್ನ ಐದಕ್ಕೆ ಇಳಿಸ್ದೆ. ಆಮೇಲೆ ಆಫ್ ಮಾಡ್ದೆ. ಆಫ್ ಮಾಡುದ್ರೆ ಹೋಯ್ತದೆ ಅನ್ಕಂಡೆ.’

ಮಿತಿ ಮಾತ್ರ ಆಫ್ ಮಾಡಿದರೂ ಹೋಗುವಂಥದ್ದಲ್ಲ. ತಪ್ಪುಗಳ ಸಾಲು ಅಳಿಸಿಹೋಗುತ್ತದೆ, ಮಿತಿ ಉಳಿಯುತ್ತದೆ. ಆ ಬೆಳಿಗ್ಗೆ ಅವರು ಸ್ವಿಚ್ ಒತ್ತಿದ್ದರೆ ನಮಗೆ ಉಳಿಯುತ್ತಿದ್ದದ್ದು ಸೊನ್ನೆ ತೋರಿಸುವ ಒಂದು ಡಬ್ಬ ಮತ್ತು ಕೆಲಸ ಕಳೆದುಕೊಂಡ ನಾನು.

ಮೇಡಂ ಮಿತಿಯನ್ನು ಮೂವತ್ತಕ್ಕೆ ಏರಿಸಿ, ಏರಿದೆಯೇ ಎಂದು ಕೇಳಿ, ಉತ್ತರ ಬಂದ ಮೇಲೆ ಇಪ್ಪತ್ನಾಲ್ಕು ಕೊಡು ಎಂದರು. ಪರದೆಯ ಮೇಲೆ ಇಪ್ಪತ್ನಾಲ್ಕು ಮೂಡಿತು. ರೇವಣ್ಣನವರು ಪಕ್ಕದ ಸ್ಟೂಲಿನ ಮೇಲೆ ಕುಕ್ಕರಿಸಿ, ‘ಅಬ್ಬಾ, ಬದುಕ್ದೆ ಕಣಮ್ಮ’ ಎಂದು ಟವಲಿನಲ್ಲಿ ಮುಖ ಒರೆಸಿಕೊಂಡರು. ಎಂಜಿನಿಯರ್ ನಕ್ಕುಬಿಟ್ಟರು. ನಾನು ಕೂತು ಅತ್ತೆ, ಬೆಳಿಗ್ಗೆ ಅತ್ತದ್ದಕ್ಕಿಂತ ಜೋರಾಗಿ. ಆ ಸುಟ್ಟ ವಾಸನೆಯ ವಿಷಯ ಟೀ ಜೊತೆ ತಿಳಿಯಿತು. ಪಕ್ಕದ ಬೇಕರಿಯಲ್ಲಿ ಒಂದು ಒಲೆ ಬನ್ನು ಸೀದುಹೋಗಿತ್ತಂತೆ.

ಹೊರಡುವ ಮುಂಚೆ ಮೇಡಂ ನನ್ನ ಪ್ರೋಗ್ರಾಂ ಓದಿದರು. ‘ಹೇಳ್ತಾನೇ ಹೋಗಿದ್ದೀಯಲ್ಲೇ, ಒಂದ್ ಕಡೆಯಾದ್ರೂ ಕೇಳಿದ್ದೀಯಾ? ನಾನು ಕಲ್ಸಿದ್ದು ಇದಾ?’ ಎಂದು ಶುರುಮಾಡಿ ಮಿಕ್ಕದ್ದನ್ನು ದಖನಿಯಲ್ಲಿ ಮುಗಿಸಿದರು. ಮಳೆ ಇನ್ನೂ ನಿಂತಿರಲಿಲ್ಲ. ಬಾಗಿಲ ಬಳಿ ಕೈಗೆ ಸಿಕ್ಕ ಛತ್ರಿ ಹಿಡಿದು ಹೋದರು. ಅದು ನನ್ನದು.

ಆರ್ಡರ್ ಬಂತು. ನಾನು ಅಲ್ಲೇ ಉಳಿದೆ, ಈಗಲೂ ಅಲ್ಲೇ ಇದ್ದೇನೆ. ನಾಳೆಯಿಂದ ಬರಬೇಡ ಎಂದದ್ದನ್ನು ರೇವಣ್ಣನವರು ಹಿಂದೆ ತೆಗೆದುಕೊಂಡದ್ದೂ ಇಲ್ಲ, ನಾನು ಬಿಟ್ಟದ್ದೂ ಇಲ್ಲ. ಈಗ ಅವರ ಬೀಗರು ಬಂದರೆ ಬೇಕರಿಯಲ್ಲೇ ಕೂರಿಸಿ ಖಾರಾ ಬನ್ನು ಕೊಡಿಸಿ ಕಳಿಸುತ್ತಾರೆ.

ಮೇಡಂ ನಿವೃತ್ತರಾಗಿ ಮೈಸೂರಿಗೆ ಹೊರಟ ದಿನ ತರೀಕೆರೆ ಸ್ಟೇಷನ್ನಿಗೆ ಹೋಗಿದ್ದೆ. ಮೈಸೂರಿನಲ್ಲಿ ಅವರ ಆಪಾ, ಅಂದರೆ ಅಕ್ಕ, ಮನೆಯ ಮೇಲೆ ಒಂದು ಪೋರ್ಷನ್ ಖಾಲಿ ಮಾಡಿ ಕೊಟ್ಟಿದ್ದರು. ಮೇಡಂ ಖುಷಿಯಾಗಿದ್ದರು. ಇನ್ನು ಬಸ್ಸಿಗೆ ಓಡುವುದಿಲ್ಲ, ಸೀಟಿಗೆ ಜಗಳವಿಲ್ಲ ಎನ್ನುತ್ತಿದ್ದರು. ಅವರು ರೈಲಿನಲ್ಲಿ ಕಿಟಕಿ ಪಕ್ಕ ಕೂತರು, ನಾನು ಹೊರಗೆ ಕಿಟಕಿಯ ಸರಳು ಹಿಡಿದು ನಿಂತೆ. ಸುಮ್ಮನೆ ತಮಾಷೆಗೆ, ‘ನಿಮ್ ಕಡೆಯಿಂದ ಇನ್ನೇನಾದ್ರೂ ಇದ್ಯಾ ಮೇಡಂ?’ ಎಂದೆ.

ಅವರು ನಗಲಿಲ್ಲ. ‘ಇದೆ ಕಣೇ’ ಎಂದರು. ‘ಅವತ್ತು ಬಸ್ಸಲ್ಲಿ ಬರೋವಾಗ, ನೀನೇ ಅದನ್ನ ಸುಟ್ಟಿದ್ದೀಯ ಅಂತ್ಲೇ ಅಂದ್ಕೊಂಡಿದ್ದೆ. ಅದಕ್ಕೇ ನಿನ್ನ ಏನೂ ಕೇಳ್ಲಿಲ್ಲ.’

ಇಷ್ಟು ವರ್ಷ ಆ ಮೌನವನ್ನು ನಾನು ನಂಬಿಕೆ ಎಂದುಕೊಂಡು, ಕಷ್ಟ ಬಂದಾಗಲೆಲ್ಲ ನೆನೆದು ಧೈರ್ಯ ತಂದುಕೊಂಡಿದ್ದೆ.

‘ಮತ್ತೆ ಮಳೇಲಿ ಅಷ್ಟು ದೂರ ಯಾಕ್ ಬಂದ್ರಿ?’

‘ನಾನು ಅಂದ್ಕೊಂಡಿದ್ದು ತಪ್ಪಾಗಿರ್ಲಿ ಅಂತ.’

ಬೇಜಾರಾಗಬೇಕಿತ್ತು. ಆಗಲಿಲ್ಲ. ಎದೆಯ ಮೇಲಿದ್ದ ಏನೋ ಒಂದನ್ನು ಯಾರೋ ಎತ್ತಿ ಕೆಳಗಿಟ್ಟಂತೆ ಹಗುರಾಯಿತು. ನಂಬಿದವರು ಬರುವುದು ದೊಡ್ಡದಲ್ಲ. ಇವರು ನಂಬದೆಯೂ ಬಂದಿದ್ದರು.

ರೈಲು ಜಗ್ಗಿ ಮೆಲ್ಲಗೆ ಚಲಿಸತೊಡಗಿತು. ನಾನೂ ಜೊತೆಗೆ ಹೆಜ್ಜೆ ಹಾಕುತ್ತಾ, ‘ಇನ್ನೇನಾದ್ರೂ?’ ಎಂದೆ.

‘ನಿನ್ನ ಛತ್ರಿ ಲಗೇಜಲ್ಲಿ ಹೋಗ್ತಾ ಇದೆ.’

‘ಗೊತ್ತು. ಇನ್ನೇನಾದ್ರೂ ಇದ್ಯಾ ಮೇಡಂ?’

ಅವರು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡು, ನಿಜವಾಗಿಯೂ ಯೋಚಿಸತೊಡಗಿದರು. ರೈಲಿಗೆ ವೇಗ ಬಂತು. ನನ್ನ ಚಪ್ಪಲಿ ಒಂದು ಕಳಚಿ ಹಿಂದೆ ಉಳಿಯಿತು. ಪ್ಲಾಟ್‌ಫಾರಂ ಮುಗಿಯುತ್ತಾ ಬಂದಿತ್ತು, ಯಾರೋ ‘ಏಯ್, ಸಾಕು ನಿಂತ್ಕೊಳಮ್ಮ’ ಎಂದು ಕೂಗುತ್ತಿದ್ದರು.

‘ಏನೂ ಇಲ್ಲ ಕಣಮ್ಮ’ ಎಂದರು ಮೇಡಂ ಕಿಟಕಿಯಿಂದ.

ಉತ್ತರ ಕೇಳಿಸಿಕೊಂಡ ಮೇಲೇ ನಾನು ನಿಂತೆ.